ಅಂಬಿಗನಿಲ್ಲದ ಪಟ

ಶ್ರೀಪತಿ ಎಂಬ ಶಿಷ್ಯ ಗುರುಗಳನ್ನು ಕೇಳಿದ: "ಹೋದ ವರ್ಷ ಯಾತ್ರೆಯಲ್ಲಿ ಜ್ವರ ಬಂದು ದಾರಿಯಲ್ಲೇ ಬಿದ್ದೆ. ಒಬ್ಬ ಕುಂಬಾರಗಿತ್ತಿ ತನ್ನ ಮನೆಯಲ್ಲಿ ಮಲಗಿಸಿ ಗಂಜಿ ಕುಡಿಸಿದಳಂತೆ. ನನಗೆ ಪ್ರಜ್ಞೆ ಬರುವ ಮೊದಲೇ ನಮ್ಮವರು ಬಂದು ಗಾಡಿಯಲ್ಲಿ ಊರಿಗೆ ಕರೆತಂದರು. ಬದುಕಿಕೊಂಡೆ. ದೇವರಿಗೆ ಅಭಿಷೇಕ ಮಾಡಿಸಿದೆ, ದೀಪ ಹಚ್ಚಿಸಿದೆ. ಆದರೂ ಮನಸ್ಸಿಗೆ ಸಮಾಧಾನವಿಲ್ಲ. ಇನ್ನು ಯಾವ ಸೇವೆ ಬಾಕಿ?"

ಗುರುಗಳು ನಕ್ಕರು. "ದೇವರಿಗೆ ಸ್ವಲ್ಪ ಬಿಡುವು ಕೊಡು. ಈ ಕತೆ ಕೇಳು" ಎಂದರು.

ಒಬ್ಬ ವರ್ತಕನಿದ್ದ. ತುಂಬಿದ ಹೊಳೆಯಲ್ಲಿ ಅವನು ಕೊಚ್ಚಿಹೋಗುತ್ತಿದ್ದಾಗ ಒಬ್ಬ ಅಂಬಿಗ ಜುಟ್ಟು ಹಿಡಿದು ಎಳೆದು ದಡಕ್ಕೆ ತಂದ. ಆಳುಗಳು ವರ್ತಕನನ್ನು ಊರಿಗೆ ಹೊತ್ತೊಯ್ದರು. ಅವನು ಬದುಕಿದ. ದೊಡ್ಡ ಸಂತರ್ಪಣೆ ಮಾಡಿಸಿದ. ದೇವರಮನೆಗೆಂದು ಪೇಟೆಯಿಂದ ಹಳೆಯ ಅಚ್ಚಿನ ಪಟವೊಂದನ್ನು ತಂದ.

ಪಟದಲ್ಲಿ ಒಂದರ ಕೆಳಗೊಂದು ನಾಲ್ಕು ಚಿತ್ರಗಳಿದ್ದವು. ಭಕ್ತ ನೀರಿನಲ್ಲಿ ಮುಳುಗುತ್ತಿದ್ದಾನೆ. ಅಂಬಿಗ ಅವನನ್ನು ಮೇಲೆತ್ತುತ್ತಿದ್ದಾನೆ. ಭಕ್ತ ಹೆಂಡತಿ ಮಕ್ಕಳೊಡನೆ ಊಟಕ್ಕೆ ಕೂತಿದ್ದಾನೆ. ಕೊನೆಯದರಲ್ಲಿ ನಾರಾಯಣ ಪ್ರತ್ಯಕ್ಷನಾಗಿದ್ದಾನೆ.

ಮನೆಯಲ್ಲಿ ಅಜ್ಜನ ಕಾಲದ ಬೀಟೆ ಮರದ ಚೌಕಟ್ಟು ಇತ್ತು. ಅದರಲ್ಲಿ ಮೂರೇ ಚಿತ್ರ ಹಿಡಿಸುತ್ತಿದ್ದವು. ವರ್ತಕ ಯೋಚಿಸಲೂ ಇಲ್ಲ. ಅಂಬಿಗನ ಚಿತ್ರ ಪೂಜೆಗೆ ಬರುವಂಥದ್ದಲ್ಲ ಎಂದು ಅದನ್ನೇ ಕತ್ತರಿಸಿ ತೆಗೆದ. ಇಂಥ ಜಾಣತನ ನಮ್ಮಲ್ಲಿ ಬಹಳ. ಉಳಿದ ಮೂರಕ್ಕೆ ಗಾಜು ಹಾಕಿ, ಕುಂಕುಮ ಹಚ್ಚಿ, ಹೂವು ಮುಡಿಸಿದ.

ದೀಪ ಹಚ್ಚಲು ಬಂದ ಹೆಂಡತಿ ಪಟ ನೋಡಿದಳು. "ಮುಳುಗ್ತಾ ಇದ್ದೋನು ಊಟಕ್ಕೆ ಕೂತ್ಬಿಟ್ನಲ್ಲ. ದಡಕ್ಕೆ ಹೇಗೆ ಬಂದ?"

"ದೇವರು ಕಾಪಾಡಿದ."

"ದೇವರು ಬಂದಿದ್ದು ಊಟಕ್ಕೆ ಕೂತ ಮೇಲೆ ಅಲ್ವಾ?"

ಸಂತರ್ಪಣೆಯಲ್ಲಿ ಊರೆಲ್ಲ ಉಂಡಿತ್ತು. ಅಂಬಿಗನನ್ನು ಕರೆದಿರಲಿಲ್ಲ. ವರ್ತಕನಿಗೆ ನಾಚಿಕೆಯಾಯಿತು. ಹಾಗೆಯೇ ಎದ್ದು ಹೊಳೆಯ ಕಡೆ ನಡೆದ.

ಅಂಬಿಗ ದೋಣಿಗೆ ಎಣ್ಣೆ ಬಳಿಯುತ್ತಿದ್ದ. ವರ್ತಕ ಅವನ ಕಾಲಿಗೆ ಬಿದ್ದು ತಾನು ಯಾರೆಂದು ಹೇಳಿದ. ಅಂಬಿಗ ಅವನ ಮುಖವನ್ನೇ ದಿಟ್ಟಿಸಿದ. ನಂಬಿಕೆಯಾಗದೆ ಭುಜ ಮುಟ್ಟಿ ನೋಡಿದ.

"ಬದುಕಿದೀರಾ ಸ್ವಾಮಿ? ಅವತ್ತು ಉಸಿರೇ ಆಡ್ತಿರ್ಲಿಲ್ಲ. ಹೊತ್ಕೊಂಡು ಹೋದೋರು ಯಾರೂ ತಿರುಗಿ ಬರ್ಲಿಲ್ಲ. ನನ್ನ ಕೈಯಲ್ಲೇ ಒಂದು ಜೀವ ಹೋಯ್ತಲ್ಲ ಅಂತ ದಿನಾ ಕೊರಗ್ತಿದ್ದೆ. ಬಂದು ಮುಖ ತೋರಿಸಿದ್ರಲ್ಲ, ಅಷ್ಟು ಸಾಕು. ದೇವರು ದೊಡ್ಡೋನು."

ಹೀಗೆಂದು, ಕಾಲಿಗೆ ಬಿದ್ದವನ ಕೈಗಳನ್ನು ಅಂಬಿಗನೇ ಹಿಡಿದು ಕಣ್ಣಿಗೊತ್ತಿಕೊಂಡ. ಇಬ್ಬರೂ ಅತ್ತರು.

ಗುರುಗಳು ಕತೆ ನಿಲ್ಲಿಸಿದರು. ಶ್ರೀಪತಿ, "ಹಾಗಾದರೆ ಆ ಕುಂಬಾರಗಿತ್ತಿಗೆ ಏನು ಕೊಡಲಿ ಗುರುಗಳೇ? ಸೀರೆ ಕೊಡಲೋ, ಹಸು ಕೊಡಲೋ?" ಎಂದು ಕೇಳಿದ.

ಗುರುಗಳು ಹೇಳಿದರು: "ನೀನು ಬದುಕಿರುವುದು ಅವಳಿಗೆ ಗೊತ್ತೇ?"