ಗಾಲಿ ನೆಲಕ್ಕೆ ತಾಗಿದ ಮೇಲೆ

ಬಂಡಿಯಜ್ಜನ ಮಠಕ್ಕೆ ಅಡಿಪಾಯ ಇರಲಿಲ್ಲ. ಎರಡು ಗಾಲಿ ಇದ್ದವು.

ಅದೊಂದು ಹಳೆಯ ಕ್ಯಾರವಾನ್. ದೇಶ ಸುತ್ತುತ್ತೇನೆಂದು ಕೊಂಡಿದ್ದ ಭಕ್ತರೊಬ್ಬರು ಅರ್ಧ ಜಿಲ್ಲೆ ಸುತ್ತುವಷ್ಟರಲ್ಲಿ ದಣಿದು, ಅದನ್ನು ಅಜ್ಜನಿಗೆ ಒಪ್ಪಿಸಿ ಕೈ ಮುಗಿದಿದ್ದರು. ಒಳಗೆ ಅಗಲವಾದ ಮಂಚ, ಒಂದು ಒಲೆ, ಪೂಜೆಗೊಂದು ಮೂಲೆ. ಎಳೆಯಲು ಒಂದು ಜೀಪು. ಜೀಪು ಓಡಿಸಲು ಶಿಷ್ಯ ಚಂಬಣ್ಣ, ಅಡುಗೆಗೆ ನಿಂಬೆವ್ವ. ಇಷ್ಟೇ ಮಠ.

ಅಜ್ಜನ ನಿಜವಾದ ಹೆಸರು ಅಡಿವೆಯ್ಯ. ಹೊಳೆದಂಡೆಯ ಊರುಗಳಲ್ಲಿ ಆ ಹೆಸರು ಹೇಳಿದರೆ ಯಾರೆಂದು ಕೇಳುತ್ತಾರೆ. ಬಂಡಿಯಜ್ಜ ಎಂದರೆ ಎಮ್ಮೆ ಮೇಯಿಸುವವರೂ ದಾರಿ ತೋರಿಸುತ್ತಾರೆ.

ಗಾಡಿಗೆ ಒಂದೇ ದೋಷ. ಕೆಳಗೆ ಕಮಾನು ಪಟ್ಟಿಗಳಿದ್ದವು, ಅವುಗಳ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್ ಇರಲಿಲ್ಲ. ಒಂದು ತಗ್ಗಿನಲ್ಲಿ ಹಾರಿದರೆ ಮುಂದಿನ ತಗ್ಗು ಬರುವವರೆಗೂ ಕುಣಿಯುತ್ತಲೇ ಇರುತ್ತಿತ್ತು. ನಿಂಬೆವ್ವ ಮೊಸರಿನ ಗಡಿಗೆ ಇಟ್ಟರೆ ಮುಂದಿನ ಊರು ಬರುವಷ್ಟರಲ್ಲಿ ಬೆಣ್ಣೆ ತೇಲುತ್ತಿತ್ತು. ಕಡೆಯುವ ಕೆಲಸ ಉಳಿಯಿತಲ್ಲ ಎಂದು ಅಜ್ಜ ನಗುತ್ತಿದ್ದರು. ಸೊಂಟ ಹಿಡಿದುಕೊಂಡು ಇಳಿಯುವ ನಿಂಬೆವ್ವನಿಗೆ ಮಾತ್ರ ನಗು ಬರುತ್ತಿರಲಿಲ್ಲ.

ಚಂಬಣ್ಣ ಮೊದಲು ಲಾರಿ ಓಡಿಸುತ್ತಿದ್ದವನು. ಗುಜರಾತಿನ ಹಾದಿಯಲ್ಲಿ ಅವನ ಲಾರಿ ಕೆಟ್ಟು ನಿಂತಿದ್ದಾಗ ಊರಲ್ಲಿ ಅವನ ತಾಯಿ ತೀರಿಕೊಂಡಳು. ಅವನು ಬಂದು ಮುಟ್ಟುವಷ್ಟರಲ್ಲಿ ಅಕ್ಕ ಕಾಶವ್ವ ಮಣ್ಣು ಮಾಡಿಸಿಬಿಟ್ಟಿದ್ದಳು. ತಾಯಿಯ ಮುಖ ಕೊನೆಗೊಮ್ಮೆ ನೋಡಲು ಸಿಗಲಿಲ್ಲ. ಅಕ್ಕನ ಮನೆಯ ಅಂಗಳದಲ್ಲೇ ನಿಂತು, ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಆಣೆ ಹಾಕಿ, ನೆಟ್ಟಗೆ ಅಜ್ಜನ ಬಳಿ ಬಂದಿದ್ದ.

ಬಂದ ದಿನವೇ ಕೊರಳಿಗೆ ದೀಕ್ಷೆಯ ದಾರ ಕಟ್ಟಿರಿ ಎಂದು ಕೇಳಿದ. ಅಜ್ಜ ಜೀಪಿನ ಕೀಲಿ ಕೊಟ್ಟರು.

ಆಮೇಲೆಯೂ ಕೇಳುತ್ತಲೇ ಇದ್ದ. ಆಗಲಿ, ನೋಡೋಣ ಎನ್ನುವುದನ್ನು ಬಿಟ್ಟರೆ ಅಜ್ಜನ ಬಾಯಿಂದ ಬೇರೆ ಮಾತು ಬರಲಿಲ್ಲ.

ಒಂದು ಬೆಳಿಗ್ಗೆ ಕಾಶವ್ವನ ಗಂಡ ಗುಡದಪ್ಪ ಗಾಡಿ ನಿಂತಿದ್ದ ಹೊಳೆದಂಡೆಗೆ ಬಂದ. ಕಾಶವ್ವ ಅಟ್ಟದ ಏಣಿಯಿಂದ ಬಿದ್ದಿದ್ದಳು. ಪಟ್ಟಣದ ದವಾಖಾನೆಯಲ್ಲಿ ಬೆನ್ನಿಗೆ ಆಪರೇಷನ್ ಆಗಿತ್ತು. ನಾಡಿದ್ದು ಮನೆಗೆ ಕಳಿಸುತ್ತಾರಂತೆ. ಆದರೆ ಅಂಗಾತ ಮಲಗಿಸಿಯೇ ಒಯ್ಯಬೇಕು, ಬೆನ್ನು ಕುಲುಕಿದರೆ ಕಾಲಿನ ಬಲವೇ ಹೋದೀತು ಎಂದು ಡಾಕ್ಟರು ಹೇಳಿದ್ದರು. ಊರಿನ ರಸ್ತೆಯೋ, ಅಗೆದು ಬಿಟ್ಟ ರಸ್ತೆ. ಅಜ್ಜನ ಗಾಡಿಯ ಅಗಲ ಮಂಚ ಸಿಕ್ಕೀತೇ ಎಂದು ಕೇಳಲು ಬಂದಿದ್ದ.

ಅಜ್ಜ ಆಗಲಿ ಎಂದರು. ನೋಡೋಣ ಎನ್ನಲಿಲ್ಲ.

ಜೀಪು ತೊಳೆಯುತ್ತಿದ್ದ ಚಂಬಣ್ಣ ಎಲ್ಲವನ್ನೂ ಕೇಳಿಸಿಕೊಂಡ. ಗುಡದಪ್ಪ ಅವನ ಕಡೆ ತಿರುಗಿಯೂ ನೋಡದೆ ಹೋದ.

"ಈ ಗಾಡಿಯಾಗ ಹಾಕ್ಕೊಂಡು ಹೋದ್ರ ಅಕ್ಕನ ಬೆನ್ನು ಉಳಿಯಂಗಿಲ್ರಿ ಅಜ್ಜಾರ."

"ಹಂಗಾರ ಶಾಕಬ್ಸರ್ ಹಾಕು."

"ಹಾಕ್ತೀನ್ರಿ. ಆದ್ರ ಆ ಮನಿ ಹೊಸ್ತಿಲಾ ತುಳಿಯಂಗಿಲ್ಲಂತ ಆಣಿ ಮಾಡೀನಿ."

"ನಾ ಹೊಸ್ತಿಲದ ಮಾತು ಆಡಿದ್ನೇನು? ಶಾಕಬ್ಸರ್ ಹಾಕು ಅಂದೆ."

ಚಂಬಣ್ಣ ಪಟ್ಟಣಕ್ಕೆ ಹೊರಟಾಗ, ರಬ್ಬರ್ ಬುಶ್ಶುಗಳನ್ನು ಮಾತ್ರ ಎರಡು ಸೆಟ್ ತಾ ಎಂದು ಅಜ್ಜ ಹೇಳಿದರು. ಯಾಕೆಂದು ಅವನು ಕೇಳಿದ. ಜಾಣರು ಮಾಡುವ ಕೆಲಸಕ್ಕೆ ಸಾಮಾನು ಹೆಚ್ಚು ಬೇಕಾಗುತ್ತದೆ ಎಂದರು.

ಕೆಲಸ ದೊಡ್ಡದೇನಲ್ಲ. ಶಾಕ್ ಅಬ್ಸಾರ್ಬರಿನ ಎರಡೂ ತುದಿಗೆ ಒಂದೊಂದು ಕಿವಿ, ಕಿವಿಯೊಳಗೆ ಬಳೆಯಂಥ ರಬ್ಬರ್ ಬುಶ್, ಅದರ ನಡುವೆ ಬೋಲ್ಟು. ಮೇಲಿನ ಕಿವಿ ಗಾಡಿಯ ಚೌಕಟ್ಟಿಗೆ, ಕೆಳಗಿನದು ಗಾಲಿಯ ಅಚ್ಚಿಗೆ. ಮರುದಿನ ಬೆಳಿಗ್ಗೆ ಚಂಬಣ್ಣ ಮೊದಲು ಗಾಡಿಯೊಳಗಿನ ಸಾಮಾನೆಲ್ಲ ಹೊರಗೆ ಹಾಕಿದ. ಗಾಡಿ ಹಗುರಾಯಿತು. ಜಾಕ್ ಕೊಟ್ಟು ಎತ್ತಿದ. ಗಾಲಿಗಳು ನೆಲ ಬಿಟ್ಟು ಜೋತಾಡಿದವು. ಕೆಳಗೆ ಕೂತು ಕೆಲಸ ಮಾಡಲು ಬಹಳ ಸಲೀಸಾಗಿತ್ತು.

ಪಾನಾದ ಹಿಡಿಕೆಗೆ ಕಬ್ಬಿಣದ ಕೊಳವೆ ಸಿಕ್ಕಿಸಿ, ಕುತ್ತಿಗೆಯ ನರ ಉಬ್ಬುವಂತೆ ಬೋಲ್ಟುಗಳನ್ನು ಬಿಗಿದ. ಇನ್ನು ಪ್ರಳಯವಾದರೂ ಇವು ಸಡಿಲುವುದಿಲ್ಲ ಎಂದು ಅಜ್ಜನಿಗೆ ಹೇಳಿದ. ಅಜ್ಜ ಚಹಾ ಕುಡಿಯುತ್ತ ಕೂತಿದ್ದರು.

ಸಾಮಾನೆಲ್ಲ ಒಳಗಿಟ್ಟು, ಪಕ್ಕದ ಊರಿಗೆ ಹೋಗಿ ಬರೋಣವೆಂದು ಹೊರಟರು. ನಿಂಬೆವ್ವ ತನ್ನ ಮೊಸರಿನ ಗಡಿಗೆಯನ್ನೂ ಇಟ್ಟಳು. ಅರ್ಧ ದಾರಿಗೆ ಗಾಡಿಯ ಕೆಳಗಿನಿಂದ ಕಿರ್ ಕಿರ್ ಸದ್ದು ಹತ್ತಿತು. ಹಿಂದಿರುಗುವಷ್ಟರಲ್ಲಿ ಮೊಸರು ಅರ್ಧ ಗಡಿಗೆಯಲ್ಲಿತ್ತು, ಅರ್ಧ ನಿಂಬೆವ್ವನ ಸೀರೆಯ ಮೇಲಿತ್ತು.

ಚಂಬಣ್ಣ ಕೆಳಗೆ ತೂರಿ ನೋಡಿದ. ಬುಶ್ಶುಗಳು ಅಗಿದುಗುಳಿದ ಕಬ್ಬಿನ ಸಿಪ್ಪೆಯ ಹಾಗೆ ಹರಿದು ಹೋಗಿದ್ದವು.

ಅವನು ನೆಲದ ಮೇಲೆಯೇ ಕೂತುಬಿಟ್ಟ. ಬೆಳಗಾದರೆ ಅಕ್ಕನನ್ನು ಕರೆತರಬೇಕು. ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಅಂಗಡಿಯವನು ಕೆಟ್ಟ ರಬ್ಬರು ಕೊಟ್ಟು ಮೋಸ ಮಾಡಿದ ಎಂದು ಬೈಯತೊಡಗಿದ.

ಅಜ್ಜ ಬಂದು ಪಕ್ಕದಲ್ಲಿ ಕೂತರು.

"ಬಿಗಿಯೂವಾಗ ಗಾಲಿ ಎಲ್ಲಿದ್ದುವು?"

"ನೆಲ ಬಿಟ್ಟು ಮ್ಯಾಲಿದ್ದುವ್ರಿ."

"ಒಳಗ ಯಾರಿದ್ರು?"

"ಯಾರೂ ಇರ್ಲಿಲ್ರಿ. ಖಾಲಿ ಇತ್ತು."

ಹೇಳುತ್ತಲೇ ಚಂಬಣ್ಣನಿಗೆ ತಪ್ಪು ಹೊಳೆಯಿತು. ಗಾಲಿ ಜೋತು ಬಿದ್ದಿದ್ದಾಗ ಕಿವಿ ಹೇಗಿತ್ತೋ ಹಾಗೆಯೇ ರಬ್ಬರನ್ನು ಹಿಡಿದು ಬಿಗಿದಿದ್ದ. ಗಾಡಿ ಇಳಿದು ಭಾರ ಬಿದ್ದಾಗ ಕಿವಿ ತಿರುಗಿತು, ಬೋಲ್ಟು ಬಿಡಲಿಲ್ಲ. ನಡುವಿನ ರಬ್ಬರು ಹೊರಡುವ ಮೊದಲೇ ತಿರುಚಿಕೊಂಡಿತ್ತು. ಅವನು ಹಣೆ ಹಣೆ ಬಡಿದುಕೊಂಡ. ಲಾರಿ ಓಡಿಸಿದ್ದು ನಿಜ, ಲಾರಿಯ ಕೆಳಗೆ ಮಲಗುವ ಕೆಲಸವನ್ನು ಎಂದೂ ಗ್ಯಾರೇಜಿನವರಿಗೇ ಬಿಟ್ಟಿದ್ದ.

ಹೆಚ್ಚಿಗೆ ತಂದಿದ್ದ ಬುಶ್ಶುಗಳನ್ನು ಹಾಕಿದ. ಈ ಸಲ ಬೋಲ್ಟುಗಳನ್ನು ಕೈಯಲ್ಲಿ ಮಾತ್ರ ತಿರುಗಿಸಿ ಬಿಟ್ಟ. ಜಾಕ್ ಇಳಿಸಿದ. ಗಾಲಿ ನೆಲಕ್ಕೆ ತಾಗಿದವು. ಒಲೆ, ಪಾತ್ರೆ, ನೀರಿನ ಕೊಡ ಎಲ್ಲ ಒಳಗೆ ಹೋದವು. ನಿಂಬೆವ್ವ ಹತ್ತಿದಳು. ಅಜ್ಜನೂ ಹತ್ತಿ ಕೂತರು. ಚಂಬಣ್ಣ ಪಾನಾ ಹಿಡಿದು ಗಾಡಿಯ ಕೆಳಗೆ ಅಂಗಾತ ಮಲಗಿದ.

"ಬಿಗೀಲ್ರಿ ಅಜ್ಜಾರ?"

"ತಡಿ," ಎಂದರು ಅಜ್ಜ ಮೇಲಿನಿಂದ. "ಇನ್ನೊಬ್ರು ಬರೂದೈತಿ."

ಚಂಬಣ್ಣ ತೆವಳಿಕೊಂಡು ಹೊರಗೆ ಬಂದು, ಖಾಲಿ ಚೀಲ ತೆಗೆದುಕೊಂಡು ಜೋಳ ತುಂಬತೊಡಗಿದ. ಅಕ್ಕನ ತೂಕಕ್ಕೆ ಎಷ್ಟು ತುಂಬಬೇಕೆಂದು ತಿಳಿಯಲಿಲ್ಲ. ಅಕ್ಕ ಈಗ ಹೇಗಿದ್ದಾಳೋ, ಬಡವಾಗಿದ್ದಾಳೋ ಏನೋ, ನೋಡಿ ಎಷ್ಟೋ ಕಾಲವಾಯಿತು ಎಂದ.

"ನೆನಸ್ಕೊಂಡು ಹಾಕು," ಎಂದರು ಅಜ್ಜ.

ಅವನು ನೆನೆಸಿಕೊಂಡ. ಚಿಕ್ಕವನಿದ್ದಾಗ ಅಕ್ಕ ಅವನನ್ನು ಬೆನ್ನಿಗೆ ಹಾಕಿಕೊಂಡು ಹಳ್ಳ ದಾಟಿಸುತ್ತಿದ್ದಳು. ಅವಳ ಮದುವೆಯಾದ ವರ್ಷ ಹಳ್ಳಕ್ಕೆ ನೀರು ಬಂದಿತ್ತು. ಆಗ ಅವನು ಅವಳನ್ನು ಹೊತ್ತು ದಾಟಿಸಿದ್ದ. ನಾನು ನಿನಗಿಂತ ಭಾರ ಇದ್ದೇನೆ, ಬೀಳಿಸಬೇಡ ಎಂದು ಅವಳು ದಾರಿಯುದ್ದಕ್ಕೂ ನಗುತ್ತಿದ್ದಳು. ಆ ಭಾರ ಬೆನ್ನಿಗೆ ನೆನಪಿತ್ತು. ಅಷ್ಟು ಜೋಳ ತುಂಬಿದ. ಅಷ್ಟರಲ್ಲಿ ಕಣ್ಣೀರು ಬಂದು ಅಳತೆಯ ಸೇರೂ ಕಾಣದಾಯಿತು.

ಚೀಲವನ್ನು ಮಂಚದ ಮೇಲೆ ಒಗೆಯಲಿಲ್ಲ. ಮೆಲ್ಲಗೆ ಮಲಗಿಸಿದ. ನಿಂಬೆವ್ವ ಅದರ ತಲೆದೆಸೆಗೆ ಒಂದು ದಿಂಬು ಇಟ್ಟಳು. ಅವಳು ತಮಾಷೆಗೆ ಇಟ್ಟಳೋ, ನಿಜವಾಗಿಯೇ ಇಟ್ಟಳೋ ಹೇಳುವುದು ಕಷ್ಟ.

ಚಂಬಣ್ಣ ಮತ್ತೆ ಕೆಳಗೆ ಮಲಗಿದ. ಅವರೆಲ್ಲರ ಭಾರಕ್ಕೆ ಗಾಡಿ ಇನ್ನಷ್ಟು ತಗ್ಗಿ ಅವನ ಎದೆಯ ಹತ್ತಿರಕ್ಕೆ ಬಂದಿತ್ತು.

"ಈಗ ಬಿಗಿ," ಎಂದರು ಅಜ್ಜ.

ಮರುದಿನ ದವಾಖಾನೆಯಲ್ಲಿ ಕಾಶವ್ವನನ್ನು ಹಲಗೆಯ ಸಮೇತ ಮಂಚದ ಮೇಲೆ ಮಲಗಿಸಿದರು. ಅವಳ ಪಕ್ಕ ನಿಂಬೆವ್ವ, ಕಾಲ ಬಳಿ ಗುಡದಪ್ಪ, ಮೂಲೆಯಲ್ಲಿ ಅಜ್ಜ. ಚಂಬಣ್ಣ ತಲೆ ತಗ್ಗಿಸಿಕೊಂಡು ಜೀಪು ಹತ್ತಿದ. ಅಕ್ಕನನ್ನು ಮಾತಾಡಿಸಲಿಲ್ಲ.

ಅಗೆದ ರಸ್ತೆ ಶುರುವಾದಾಗ ಅವನ ಜೀವ ಕೈಯಲ್ಲಿತ್ತು. ಪ್ರತಿ ತಗ್ಗಿಗೂ ಹಲ್ಲು ಕಚ್ಚಿ ಹಿಂದಿನ ಗಾಡಿಯಿಂದ ಬರುವ ಕೂಗಿಗೆ ಕಾದ. ಗಾಡಿ ತಗ್ಗಿಗೆ ಇಳಿಯುತ್ತಿತ್ತು, ಏಳುತ್ತಿತ್ತು, ಅಲ್ಲಿಗೆ ಸುಮ್ಮನಾಗುತ್ತಿತ್ತು. ಕೂಗು ಬರಲೇ ಇಲ್ಲ.

ಅಕ್ಕನ ಮನೆಯ ಮುಂದೆ ಗಾಡಿ ನಿಂತಾಗ ನಿಂಬೆವ್ವ ಮೊದಲು ಇಳಿದು ಗಡಿಗೆಯ ಮುಚ್ಚಳ ತೆಗೆದು ತೋರಿಸಿದಳು. ಮೊಸರಿನ ಕೆನೆ ಕೂಡ ಒಡೆದಿರಲಿಲ್ಲ. ಚಂಬಣ್ಣ ಜೀಪಿಗೆ ಒರಗಿ ಉದ್ದಕ್ಕೆ ಉಸಿರು ಬಿಟ್ಟ.

ಓಣಿಯ ಜನ ಬಂದರು. ಹಲಗೆ ಹೊರಲು ಕೈಗಳಿಗೇನೂ ಕೊರತೆ ಇರಲಿಲ್ಲ. ಚಂಬಣ್ಣ ಜೀಪಿನ ಬಳಿಯೇ ನಿಲ್ಲಬಹುದಾಗಿತ್ತು. ಆದರೆ ಹೊರುವವರಲ್ಲಿ ಒಬ್ಬ ಗಡಿಬಿಡಿಯಲ್ಲಿ ಹಲಗೆಯನ್ನು ಓರೆ ಮಾಡಿದ. ನೋಡಿದ್ದೇ ತಡ, ಚಂಬಣ್ಣ ಓಡಿ ಬಂದು ಅವನನ್ನು ಸರಿಸಿ ತಲೆಯ ಕಡೆ ತಾನೇ ಹಿಡಿದ.

ಜೀವ ಇದ್ದವರನ್ನು ಒಳಗೆ ಒಯ್ಯುವಾಗ ತಲೆ ಮುಂದಾಗಬೇಕು. ಹಾಗಾಗಿ ಚಂಬಣ್ಣ ಹಿಂದೆ ಹಿಂದೆ ಹೆಜ್ಜೆ ಇಡುತ್ತ ನಡೆದ. ಅವನ ಕಣ್ಣೆಲ್ಲ ಹಲಗೆಯ ಮೇಲಿತ್ತು. ಅಕ್ಕನನ್ನು ಹಾಸಿಗೆಗೆ ಇಳಿಸಿ ತಲೆ ಎತ್ತಿದಾಗ ಗೋಡೆಯ ಮೇಲೆ ಅವ್ವನ ಪಟ ಕಂಡಿತು. ಹೊಸ್ತಿಲು ಯಾವಾಗ ದಾಟಿದೆನೆಂದು ಅವನಿಗೇ ಗೊತ್ತಾಗಲಿಲ್ಲ.

"ಎಷ್ಟ್ ಹಗುರಕ ತಂದ್ಯೋ ತಮ್ಮಾ," ಎಂದಳು ಕಾಶವ್ವ. ಗೋಡೆಯ ಪಟದ ಕಡೆ ನೋಡಿ ಹೇಳಿದಳು, "ಅವ್ವನ್ನ ಮರುದಿನ ಹೊತ್ತು ಮುಳುಗೂತನಕ ಇಟ್ಕೊಂಡು ನಿನ್ನ ಹಾದಿ ನೋಡಿದೆ. ಬಿಸಲು ಭಾಳ ಇತ್ತು."

"ಗೊತ್ತೈತಿ ಅಕ್ಕಾ. ಅವತ್ತೂ ಗೊತ್ತಿತ್ತು."

ಇಷ್ಟು ಹೇಳಲು ಅವನಿಗೆ ಇಷ್ಟು ವರ್ಷ ಬೇಕಾಗಿತ್ತು. ಹೇಳಿದ ಮೇಲೆ ಅವಳ ಹಾಸಿಗೆಯ ಪಕ್ಕ ಕೂತು ಮಗುವಿನ ಹಾಗೆ ಅತ್ತ. ಗುಡದಪ್ಪ ಒಂದು ಚೊಂಬು ನೀರು ತಂದು ಅವನ ಮುಂದೆ ಇಟ್ಟ. ನಿಂಬೆವ್ವ ಕಾಶವ್ವನಿಗೆ ಮೊಸರನ್ನ ಉಣಿಸಿದಳು.

ಸಂಜೆ ಅಜ್ಜ ಅಂಗಳದಲ್ಲಿ ಗಾಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಚಂಬಣ್ಣ ಒಳಗಿನಿಂದ ಬಂದು ಎದುರಿಗೆ ನಿಂತ.

"ಅಜ್ಜಾರ, ಆಣಿ ಮುರೀತ್ರಿ."

ಅಜ್ಜ ಹೂಂ ಎಂದರು.

"ಅಕ್ಕ ಎದ್ದು ಓಡಾಡೂತನಕ ನಾ ಇಲ್ಲೇ ಇರ್ತೀನ್ರಿ. ಮಾವ ಒಬ್ಬನ ಕಡಿಂದ ಆಗಂಗಿಲ್ಲ. ಇನ್ನ ದೀಕ್ಷಾ ನನಗ ಸಿಗದಿದ್ರೂ ಚಿಂತಿಲ್ಲ."

"ಅಕ್ಕ ಏನ್ ಮಾಡ್ತಾಳ?"

"ನಿದ್ದಿ ಹತ್ತೇತ್ರಿ. ನನ್ನ ಕೈ ಹಿಡಕೊಂಡ ಮಲಗಿದ್ಲು. ಮೆಲ್ಲಕ ಬಿಡಿಸ್ಕೊಂಡು ಬಂದೆ."

ಅಜ್ಜ ಮೆಟ್ಟಿಲ ಮೇಲೆ ಸರಿದು ಜಾಗ ಮಾಡಿದರು. ಜೋಳಿಗೆಯೊಳಗೆ ಕೈ ಹಾಕಿ ದೀಕ್ಷೆಯ ಹೊಸದೊಂದು ದಾರ ತೆಗೆದರು.

"ಹಂಗಾರ ಕೂಡು," ಎಂದರು. "ಈಗ ಬಿಗಿಯೂಣು."