ನಲವತ್ತು ತುಂಬಿದ ಜವರನ ಆರೈಕೆ ವಿಮೆ

ವಯಸ್ಸನ್ನು ಯಾರೂ ಬರೆದಿಡದೆ, ಬಿದ್ದ ಮಳೆ, ನೆಟ್ಟ ಗಿಡದ ಲೆಕ್ಕದಲ್ಲೇ ನೆನಪಿಟ್ಟುಕೊಳ್ಳುತ್ತಿದ್ದ ಕಾಲ. ಎಂಥ ಹಗುರ ಕಾಲವಪ್ಪ ಅದು, ನೆನೆದರೆ ಈಗಲೂ ಆಸೆಯಾಗುತ್ತದೆ. ಆ ಕಾಲದಲ್ಲೊಬ್ಬ ಜವರ, ಅವನಿಗೊಬ್ಬಳು ತಾಯಿ ಚಿಕ್ಕತಾಯಮ್ಮ. ಜವರನ ಮೈ ಬೆಳೆದಿತ್ತು, ಬುದ್ಧಿ ತೊಟ್ಟಿಲಲ್ಲೇ ಉಳಿದಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು.

ಚಿಕ್ಕತಾಯಮ್ಮನಿಗೆ ಮಂಡಿನೋವು. 'ನಾನು ಕಣ್ಣು ಮುಚ್ಚಿದರೆ ಈ ಪೆದ್ದನಿಗೆ ಅನ್ನ ಇಕ್ಕುವವರು ಯಾರು' ಎಂಬುದು ಅದಕ್ಕಿಂತ ದೊಡ್ಡ ನೋವು. ಅಷ್ಟರಲ್ಲಿ ಊರಿಗೆ ಆರೈಕೆ ವಿಮೆ ಬಂತು. ಸೇರಿದವರು ಕೈಲಾಗದೆ ಮಲಗಿದರೆ, ನೋಡುವವರಿಲ್ಲದೆ ಉಳಿದರೆ, ಮನೆಗೇ ಜನ ಬಂದು ಅನ್ನ ಇಕ್ಕಿ ನೋಡಿಕೊಳ್ಳುವ ಏರ್ಪಾಡು. ಆದರೆ ಸೇರುವುದಕ್ಕೆ ನಲವತ್ತು ತುಂಬಿರಬೇಕು.

"ಹೋಗ್ಲಾ ಮಗ, ಹೆಸರು ಬರೆಸ್ಕೊಂಡು ಬಾ."

ಹೋದ. "ವಯಸ್ಸೆಷ್ಟಪ್ಪ?" ಅಂದರು ವಿಮೆಯ ಅಮ್ಮಾವ್ರು. "ನಂಗೊತ್ತಿಲ್ಲ" ಅಂದ. ಬಂದ.

"ಅಯ್ಯೋ ಪೆದ್ದ! ನೀನು ಹುಟ್ಟಿದಾಗ ನೆಟ್ಟ ಬೇವು ಹಿತ್ತಲಲ್ಲೈತೆ. ಅದನ್ನ ತೋರ್ಸಬೇಕಿತ್ತು ಕಣ್ಲಾ."

ಮಾರನೆಯ ದಿನ ಬೇವಿನ ಕೊಂಬೆ ಕಡಿದು ಅಮ್ಮಾವ್ರ ಮೇಜಿನ ಮೇಲೆ ಹಾಕಿದ. ಬೈಸಿಕೊಂಡು ಬಂದ.

"ಮರ ಮಾತಾಡ್ತದೇನ್ಲಾ? ಬಾಯಿರೋ ಸಾಕ್ಷಿ ಕರ್ಕೊಂಡು ಹೋಗು."

ಆಡು ಹೊಡೆದುಕೊಂಡು ಹೋದ. ಆಡಿಗೆ ಬಾಯೇನೋ ಇತ್ತು. ಮೇಜಿನ ಮೇಲಿದ್ದ ಬೇವಿನ ಸೊಪ್ಪನ್ನೆಲ್ಲ ಮೇಯಿತು, ಸಾಕ್ಷಿ ಮಾತ್ರ ಹೇಳಲಿಲ್ಲ. ಮತ್ತೆ ಬೈಸಿಕೊಂಡು ಬಂದ.

"ನೀನು ಹುಟ್ಟಿದ್ದು ಕಂಡೋರು ಬೇಕು ಕಣ್ಲಾ. ಸೂಲಗಿತ್ತಿ ಕೆಂಪಜ್ಜೀನ ಕರ್ಕೊಂಡು ಹೋಗು. ನಡೆಯಾಕಾಗ್ದಿದ್ರೆ ಹೊತ್ಕೊಂಡೋಗು."

ಅಜ್ಜಿ ಉಣ್ಣಲು ಕೂತಿದ್ದಳು. ತಟ್ಟೆ ಸಮೇತ ಹೊತ್ತ. ಅಜ್ಜಿ ಬೆನ್ನ ಮೇಲೆ ಉಣ್ಣುತ್ತಲೇ ಹೋಗಿ ಸಾಕ್ಷಿ ಹೇಳಿದಳು: "ನನ್ನ ಕೈಲೇ ಹುಟ್ಟಿದ ಕೂಸು ಕಣವ್ವ. ಅವತ್ತು ಚಿಕ್ಕತಾಯಮ್ಮ ಇವನ ಮೊಕ ನೋಡ್ಕೊಂಡು ಹಸಿವೇ ಮರ್ತಿದ್ಲು. ಮೊನ್ನೆ ಗೌರಿ ಹಬ್ಬಕ್ಕೆ ನಲವತ್ತು ತುಂಬ್ತು."

ಅಂತೂ ಕೆಲಸವಾಯಿತು. ಜವರ ಕುಣಿಯುತ್ತಾ ಬಂದ. ಚಿಕ್ಕತಾಯಮ್ಮನ ಕಣ್ಣು ತುಂಬಿ ಬಂತು. ಇನ್ನು ನಿಶ್ಚಿಂತೆಯಾಗಿ ಸಾಯಬಹುದು ಅಂದುಕೊಂಡಳು.

"ಇನ್ನೇನು ಕೇಳಿದ್ರು ಮಗ?"

"ಮುಂದೆ ನೀನು ಮಲಗಿದ್ರೆ ಯಾರು ಬಂದು ನೋಡ್ಕೋಬೇಕು, ನಿಂಗೆ ಇಷ್ಟವಾದೋರ ಹೆಸರು ಹೇಳು ಅಂದ್ರು."

"ಯಾರ ಹೆಸರು ಹೇಳ್ದೆ?"

"ನಿಂದೇ ಕಣವ್ವ."

ಚಿಕ್ಕತಾಯಮ್ಮ ಹಣೆ ಚಚ್ಚಿಕೊಂಡಳು. ನಗು ಬಂತು, ಅಳುವೂ ಬಂತು. "ನನ್ನ ಸಾಯಾಕೂ ಬಿಡಲ್ವಲ್ಲೋ" ಅಂದವಳೇ ಮಂಡಿ ಹಿಡಿದುಕೊಂಡು ಎದ್ದು, ಮಗನಿಗೆ ಮುದ್ದೆ ಮಾಡಲು ಎಸರಿಟ್ಟಳು.