ಅಂತರಗಂಗೆಯ ಕೆಳಗೆ

ಒಂದು ಕಾಡಿನಲ್ಲಿ ಒಂದೇ ಒಂದು ಕೆರೆಯಿತ್ತು. ಒಂದೇ ಒಂದು ಎಂದು ಒತ್ತಿ ಹೇಳಲು ಕಾರಣವಿದೆ. ಆ ಕೆರೆ ಕೆಟ್ಟರೆ ಕುಡಿಯಲು ಬೇರೆ ನೀರಿರಲಿಲ್ಲ. ಜಿಂಕೆ, ಕೋತಿ, ಮೊಲ, ಕಾಡುಕೋಣ ಎಲ್ಲವೂ ಅಲ್ಲಿಗೇ ಬರಬೇಕಿತ್ತು. ಮೀನುಗಳಂತೂ ಅಲ್ಲಿಂದ ಎಲ್ಲಿಗೂ ಹೋಗುವಂತಿರಲಿಲ್ಲ.

ಒಂದು ಮಳೆಗಾಲದಲ್ಲಿ ಹಳ್ಳದ ನೀರಿನ ಜೊತೆ ಒಂದು ಪುಟ್ಟ ಗಿಡ ತೇಲಿಬಂತು. ಅದರ ಬೇರು ಮಣ್ಣಿನಲ್ಲಿರಲಿಲ್ಲ, ನೀರಿನಲ್ಲೇ ಜೋತಾಡುತ್ತಿತ್ತು. ಎಲೆಗಳು ಹೂವಿನ ಹಾಗೆ ಅರಳಿದ್ದವು.

"ಇದರ ಹೆಸರು ಅಂತರಗಂಗೆ," ಎಂದಿತು ಊರೂರು ಸುತ್ತಿದ್ದ ಕೊಕ್ಕರೆ.

ಹೆಸರು ಚೆನ್ನಾಗಿತ್ತು, ಗಿಡವೂ ಚೆನ್ನಾಗಿತ್ತು. ಯಾರೂ ಅದನ್ನು ಕೀಳಲಿಲ್ಲ. ಒಂದು ಗಿಡ ಹತ್ತಾಯಿತು, ಹತ್ತು ನೂರಾಯಿತು. ಎರಡು ತಿಂಗಳಲ್ಲಿ ಅರ್ಧ ಕೆರೆ ಹಸಿರಾಯಿತು.

ಹಸಿರಾದರೆ ಒಳ್ಳೆಯದೇ ಅಲ್ಲವೇ ಎಂದು ನೀವು ಕೇಳಬಹುದು. ನೆಲ ಹಸಿರಾದರೆ ಒಳ್ಳೆಯದೇ. ಆದರೆ ನೀರಿನ ಮೇಲೆ ಹಸಿರು ಚಾಪೆ ಹಾಸಿದರೆ ಒಳಗೆ ಬೆಳಕು ಇಳಿಯುವುದಿಲ್ಲ, ಗಾಳಿ ಸೇರುವುದಿಲ್ಲ. ಕೆಳಗಿರುವವರಿಗೆ ಉಸಿರು ಕಟ್ಟುತ್ತದೆ.

ಆ ಕೆರೆಯಲ್ಲಿ ಚಿಪ್ಪಜ್ಜಿ ಎಂಬ ಮುದಿ ಆಮೆ ಇತ್ತು. ಒಂದು ದಿನ ಬೆಳ್ಳಿ ಎಂಬ ಮೀನು ಅದರ ಬಳಿ ಬಂತು. ಬೆಳ್ಳಿಗೆ ಆಗಷ್ಟೇ ಮರಿಗಳಾಗಿದ್ದವು.

"ಅಜ್ಜೀ, ಮಕ್ಕಳು ಬಾಯಿ ಬಾಯಿ ಬಿಡ್ತಿವೆ. ಏನಾದರೂ ಮಾಡಿ," ಎಂದಿತು.

ಅಜ್ಜಿಗೆ ಭಯವಾಯಿತು. ಅದು ದಡಕ್ಕೆ ಹತ್ತಿ ಎಲ್ಲ ಪ್ರಾಣಿಗಳನ್ನೂ ಕರೆಯಿತು. ಎಲ್ಲರೂ ಸೇರಿ ಒಂದು ಕಟ್ಟಳೆ ಮಾಡಿಕೊಂಡರು: ಮೊದಲು ಗಿಡ, ಆಮೇಲೆ ನೀರು. ಅಂದರೆ, ನೀರು ಕುಡಿಯಲು ಬಂದವರು ಮೊದಲು ಒಂದು ಬಾಯಿ ಗಿಡ ಕಿತ್ತು ದಡಕ್ಕೆ ಹಾಕಬೇಕು. ಮೊಲ ಒಂದೊಂದೇ ಎಲೆ ಎಳೆಯಿತು. ಕಾಡುಕೋಣ ಕೊಂಬಿಗೆ ಸಿಕ್ಕಿಸಿ ಒಂದೇ ಸಲ ನಲವತ್ತು ಗಿಡ ಎಳೆಯಿತು. ಮೂರು ದಿನದಲ್ಲಿ ಕೆರೆಯ ಒಂದು ಮೂಲೆ ತಿಳಿಯಾಯಿತು.

ಇದು ನರಿಗೆ ಹಿಡಿಸಲಿಲ್ಲ. ಏಕೆಂದರೆ ಉಸಿರು ಕಟ್ಟಿದ ಮೀನುಗಳು ದಡದ ಹತ್ತಿರ ಬಂದು ಬಾಯಿ ತೆರೆಯುತ್ತಿದ್ದವು. ನರಿ ಕುಳಿತಲ್ಲೇ ಅವನ್ನು ಹೆಕ್ಕಿ ತಿನ್ನುತ್ತಿತ್ತು. ಕೆರೆ ತಿಳಿಯಾದರೆ ಅದರ ಊಟ ಹೋಗುತ್ತಿತ್ತು.

ನಾಲ್ಕನೆಯ ದಿನ ನರಿ ಮೈಗೆಲ್ಲ ಬೂದಿ ಬಳಿದುಕೊಂಡು ದಡಕ್ಕೆ ಬಂತು.

"ಅಯ್ಯಯ್ಯೋ, ಎಂಥ ಪಾಪ! ಕೋಣಣ್ಣಾ, ಈ ಗಿಡದ ಹೆಸರೇನು?"

"ಅಂತರಗಂಗೆ."

"ಇನ್ನೊಂದು ಸಲ ಹೇಳು."

"ಅಂತರ... ಗಂಗೆ."

"ಗಂಗೆ! ಗಂಗೆಯನ್ನೇ ಕಿತ್ತು ಬಿಸಿಲಿಗೆ ಒಣಹಾಕಿದ್ದೀರಲ್ಲ! ಮುನಿಸಿಕೊಂಡು ಕೆರೆಯನ್ನೇ ಬತ್ತಿಸಿಬಿಡ್ತಾಳೆ, ನೋಡ್ತಿರಿ."

ಕಾಡುಕೋಣ ದಡದ ಮೇಲಿನ ಗಿಡದ ರಾಶಿಯನ್ನು ನೋಡಿತು. "ನಿನ್ನೆ ಒಂದೇ ಸಲ ನಲವತ್ತು ಕಿತ್ತೆನಲ್ಲಪ್ಪಾ! ಈಗೇನು ಮಾಡಲಿ?"

"ಎಲ್ಲವನ್ನೂ ವಾಪಸ್ ನೀರಿಗೆ ಬಿಡಿ. ತಪ್ಪಾಯಿತು ಅಂತ ಕೈಮುಗಿಯಿರಿ," ಎಂದಿತು ನರಿ.

"ನಿಲ್ಲಿ, ನಿಲ್ಲಿ!" ಎಂದು ಚಿಪ್ಪಜ್ಜಿ ಕೂಗಿತು. "ಹೆಸರು ಕೇಳಿ ಹೆದರ್ತೀರಾ? ಅಣಬೆಗೆ ನಾಯಿಕೊಡೆ ಅಂತೀವಿ. ಮಳೇಲಿ ಯಾವ ನಾಯಿ ಅದನ್ನ ಹಿಡಕೊಂಡು ಹೋಗಿದೆ?"

ಕೋತಿ ಕಿಸಕ್ಕೆಂದು ನಕ್ಕಿತು. ಆದರೆ ಅದೂ ಮತ್ತೆ ಗಿಡ ಕೀಳಲಿಲ್ಲ. ಅಜ್ಜಿಯ ಮಾತು ಸರಿಯೆಂದು ಅನಿಸಿದರೂ ಎಲ್ಲರಿಗೂ ಒಳಗೊಳಗೇ ಹೆದರಿಕೆ. ಕಿತ್ತ ಗಿಡವೆಲ್ಲ ಮತ್ತೆ ಕೆರೆಗೆ ಬಿತ್ತು. ಹದಿನೈದು ದಿನದಲ್ಲಿ ಕೆರೆ ಪೂರ್ತಿ ಮುಚ್ಚಿಹೋಯಿತು.

ಅಜ್ಜಿ ಒಂದೇ ಹೆಣಗಾಡಿತು. ಕೆರೆಯ ನಡುವೆ ಬಾವಿಯ ಬಾಯಿಯಷ್ಟು ಜಾಗವನ್ನು ಕಚ್ಚಿ ಕಚ್ಚಿ ತೆರೆದಿಟ್ಟಿತು. ಬೆಳಿಗ್ಗೆ ಬಿಡಿಸಿದ ಜಾಗ ಸಂಜೆಗೆ ಕೂಡಿಕೊಳ್ಳುತ್ತಿತ್ತು. ಅದು ಮತ್ತೆ ಬಿಡಿಸುತ್ತಿತ್ತು. ಪ್ರತಿ ಮುಂಜಾನೆ ನೀರಿಗೆ ಬಾಯಿಟ್ಟು ಕೇಳುತ್ತಿತ್ತು: "ಇದ್ದೀಯಾ, ಬೆಳ್ಳೀ?"

"ಇದ್ದೀವಿ, ಅಜ್ಜೀ," ಎಂದು ಕೆಳಗಿನಿಂದ ಉತ್ತರ ಬರುತ್ತಿತ್ತು.

'ಇದ್ದೀನಿ' ಎಂದರೆ ತಾಯಿ ಮಾತ್ರ. 'ಇದ್ದೀವಿ' ಎಂದರೆ ಮರಿಗಳೂ ಇವೆ. ಆ ಒಂದು ಅಕ್ಷರಕ್ಕಾಗಿ ಅಜ್ಜಿ ಉಸಿರು ಹಿಡಿದು ಕಾಯುತ್ತಿತ್ತು. ದಿನದಿನಕ್ಕೆ ಆ ದನಿ ಸಣ್ಣದಾಗುತ್ತಿತ್ತು.

ಒಂದು ಬೆಳಿಗ್ಗೆ ಅಜ್ಜಿ ಕೇಳಿತು. ಉತ್ತರ ಬರಲಿಲ್ಲ. ಮತ್ತೆ ಕೇಳಿತು. ಆಗಲೂ ಬರಲಿಲ್ಲ.

ಅದೇ ಹೊತ್ತಿಗೆ ನರಿ ದಡದಲ್ಲಿ ನಿಂತಿತ್ತು. ದಡದಲ್ಲಿ ಈಗ ಒಂದು ಮೀನೂ ಸಿಗುತ್ತಿರಲಿಲ್ಲ. ಉಳಿದ ಮೀನುಗಳೆಲ್ಲ ಅಜ್ಜಿ ತೆರೆದಿಟ್ಟ ಜಾಗದ ಕೆಳಗೆ ಸೇರಿದ್ದವು. ಅಲ್ಲೊಂದು ಬಾಲ ಫಳಕ್ಕೆಂದಿತು. ನರಿಯ ಬಾಯಲ್ಲಿ ನೀರೂರಿತು. ಗಿಡಗಳು ಎಷ್ಟು ಒತ್ತಾಗಿದ್ದವೆಂದರೆ ಕೆರೆ ಹುಲ್ಲುಗಾವಲಿನಂತೆ ಕಾಣುತ್ತಿತ್ತು. ಕೊಕ್ಕರೆಯೊಂದು ಅದರ ಮೇಲೆ ಓಡಾಡುತ್ತಿತ್ತು.

'ಕೊಕ್ಕರೆ ನಡೆದರೆ ನಾನೂ ನಡೆದೇನು,' ಎಂದುಕೊಂಡು ನರಿ ಹಾರಿತು.

ಕೊಕ್ಕರೆ ಹಗುರ, ನರಿ ಭಾರ. ಅದು ದೊಪ್ಪನೆ ಒಳಗೆ ಬಿತ್ತು. ಬೇರುಗಳು ನಾಲ್ಕು ಕಾಲಿಗೂ ಸುತ್ತಿಕೊಂಡವು. ಒದ್ದಷ್ಟೂ ಬಿಗಿದವು.

"ಕೀಳಿ! ಈ ಹಾಳು ಕಳೆಯನ್ನು ಕೀಳಿ!" ಎಂದು ನರಿ ಅರಚಿತು.

ಪ್ರಾಣಿಗಳೆಲ್ಲ ಓಡಿಬಂದವು.

"ಕಳೆ ಅಂದೆಯಾ? ಗಂಗೆ ಅಲ್ವೇನೋ ಅದು?" ಎಂದಿತು ಕಾಡುಕೋಣ.

"ಸುಳ್ಳು ಹೇಳಿದೆ ಕಣಣ್ಣಾ! ಮೀನಿನಾಸೆಗೆ ಹೇಳಿದೆ! ಕೀಳು!"

"ಕೈಮುಗಿದು ನೋಡು ಮಾವಾ, ಬಿಟ್ಟರೂ ಬಿಟ್ಟಾಳು," ಎಂದಿತು ಕೋತಿ.

"ಅಣಕ ಆಮೇಲೆ!" ಎಂದು ಅಜ್ಜಿ ಗದರಿತು. "ಕೆಳಗೆ ಬೆಳ್ಳಿ ಮಾತಾಡ್ತಿಲ್ಲ. ಮೊದಲು ಕೀಳಿ!"

ಆಗ ಎಲ್ಲರ ನಗೆ ನಿಂತಿತು. ಕಾಡುಕೋಣ ಎದೆಮಟ್ಟದ ನೀರಿಗೆ ಇಳಿಯಿತು. ಕೋತಿಗಳು ಸಾಲಾಗಿ ನಿಂತು ಗಿಡ ದಾಟಿಸಿದವು. ಮೊಲ ಅದನ್ನು ದೂರದ ದಿಬ್ಬದ ಮೇಲೆ ಹಾಕಿತು, ದಡದಲ್ಲೇ ಬಿಟ್ಟರೆ ಮಳೆಗೆ ಮತ್ತೆ ಕೆರೆಗೇ ಬಂದುಬಿಡುತ್ತದಲ್ಲ! ಮೊದಲು ನರಿ ಸಿಕ್ಕಿತು. ಅದನ್ನು ಎಳೆದು ದಡಕ್ಕೆ ಹಾಕಿದರು. ಅದು ನೀರು ಕಕ್ಕುತ್ತಾ ಜಾರಿಕೊಳ್ಳಲು ನೋಡಿತು.

"ಎಲ್ಲಿಗೆ ಮಾವಾ? ನೀರಂತೂ ಹೊಟ್ಟೆ ತುಂಬ ಕುಡಿದಾಯಿತು. ಈಗ ಗಿಡ ಕೀಳು ಬಾ," ಎಂದು ಕೋತಿ ಅದರ ಬಾಲ ಹಿಡಿಯಿತು. ನರಿ ಎಲ್ಲರೆದುರು ತಲೆ ತಗ್ಗಿಸಿ ಗಿಡ ಎಳೆಯಿತು.

ಮಧ್ಯಾಹ್ನದ ಹೊತ್ತಿಗೆ ದಡದಿಂದ ಕೆರೆಯ ನಡುವಿನವರೆಗೆ ನೀರು ಕಂಡಿತು. ಬಿಸಿಲು ಒಳಗಿಳಿಯಿತು. ಗಾಳಿಗೆ ಸಣ್ಣ ಅಲೆ ಎದ್ದಿತು. ಅಜ್ಜಿ ನೀರಿಗೆ ಬಾಯಿಟ್ಟಿತು.

"ಇದ್ದೀಯಾ, ಬೆಳ್ಳೀ?"

ತುಂಬಾ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಒಂದು ಗುಳ್ಳೆ ಮೇಲೆ ಬಂತು. ಅದರ ಹಿಂದೆ ಮೆಲ್ಲನೆಯ ದನಿಯೂ ಬಂತು.

"ಇದ್ದೀ..."

ಅಜ್ಜಿ ಕಣ್ಣು ಮುಚ್ಚಿತು.

"...ವಿ, ಅಜ್ಜೀ."

ನೀತಿ: ಹೆಸರು ಪವಿತ್ರವೆಂದೋ ಬಣ್ಣ ಹಸಿರೆಂದೋ ಯಾವುದನ್ನೂ ಒಳ್ಳೆಯದೆಂದು ನಂಬಬಾರದು, ಎಲ್ಲರ ಕೆರೆಯನ್ನು ಎಲ್ಲರೂ ದಿನಾಲೂ ಕೈಯಾರೆ ಕಾಯಬೇಕು.